ಪಂಜೆಯವರ ನಾಟಕದಲ್ಲಿ ನಾವೇ ಕಟ್ಟಿದ ದೃಶ್ಯ: ಇಡೋದಾ, ತೆಗೆಯೋದಾ?

ತಾಲೀಮು ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡ್ಕೊಂಡು ಓದಿ.

ಮಡಿಕೇರಿ ಸುತ್ತಮುತ್ತಲಿನ ನಾವು 14 ಜನ ಸೇರಿ ಕವಿ ಪಂಜೆ ಮಂಗೇಶರಾಯರ ಬದುಕಿನ ಮೇಲೆ ಒಂದು ನಾಟಕ ಮಾಡಿದೆವು. ಯಾರಿಗೂ ಇದು ಹೊಟ್ಟೆಪಾಡಲ್ಲ. ಬ್ಯಾಂಕಿನವರಿದ್ದಾರೆ, ಟೀಚರ್‌ಗಳಿದ್ದಾರೆ, ಒಬ್ಬ ಜೀಪ್ ಓಡಿಸುವ ಹುಡುಗ ಇದ್ದಾನೆ. ನಾಟಕ ನಾನೇ ಬರೆದೆ, ನಿರ್ದೇಶನವೂ ನನ್ನದೇ, ಹಾಗಾಗಿ ಬೈಗುಳವೂ ನನಗೇ. ಬಂಟ್ವಾಳದ ಬಾಲ್ಯದಿಂದ ಶುರುವಾಗಿ, ಶಾಲಾ ಇನ್ಸ್‌ಪೆಕ್ಟರ್ ಆಗಿ ಊರೂರು ತಿರುಗಿದ್ದು, ಮಡಿಕೇರಿ ಹೈಸ್ಕೂಲಿಗೆ ಹೆಡ್‌ಮಾಸ್ಟರ್ ಆಗಿ ಬಂದದ್ದು, ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಹೆಸರಿನಲ್ಲಿ 'ಹುತ್ತರಿ ಹಾಡು' ಬರೆದದ್ದು, ಕೊನೆಗೆ 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದದ್ದು, ಅಲ್ಲಿಗೆ ಮುಗಿಯುತ್ತದೆ.

ತೊಂದರೆ ಏಳನೇ ದೃಶ್ಯದ್ದು. ಅದರಲ್ಲಿ ಪಂಜೆಯವರ ಮನೆಗೆ ನಡಿಕೇರಿಯಂಡ ಚಿನ್ನಪ್ಪನವರು ಬರುತ್ತಾರೆ. ಪಂಜೆ 1874ರಲ್ಲಿ ಹುಟ್ಟಿದವರು, ಚಿನ್ನಪ್ಪ 1875. ಒಂದೇ ವಾರಗೆ. ಕೊಡವರ ಬಾಯಿಹಾಡುಗಳನ್ನು ಸೇರಿಸಿ ಚಿನ್ನಪ್ಪನವರು ಮಾಡಿದ ಪುಸ್ತಕ ಪಟ್ಟೋಲೆ ಪಳಮೆ ಅಚ್ಚಾದದ್ದು 1924ರಲ್ಲಿ, ಪಂಜೆ ಮಡಿಕೇರಿಗೆ ಬಂದದ್ದೂ ಅದೇ ಇಪ್ಪತ್ತರ ದಶಕದಲ್ಲಿ. ಇಬ್ಬರನ್ನೂ ಒಂದು ಲಾಟೀನಿನ ಬೆಳಕಿನಲ್ಲಿ ಕೂರಿಸುವ ಆಸೆ ಆಯಿತು, ಕೂರಿಸಿದೆ. ದಾಖಲೆ ಗೀಖಲೆ ಏನೂ ಇಲ್ಲ, ನಾನೇ ಕಟ್ಟಿದ್ದು. ಅವತ್ತು ಜಾಸ್ತಿ ಚಪ್ಪಾಳೆ ಬಿದ್ದದ್ದೂ ಅದಕ್ಕೇ.

ಆಟ ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ನಿಂತರು. "ಅಲ್ಲ ಮೇಷ್ಟ್ರೇ, ಇದು ನಡೆದದ್ದು ಅಂತ ಯಾರು ಹೇಳಿದರು ನಿಮಗೆ?" ಅಂದರು. ನಾನು "ನಾಟಕ ಅಲ್ವಾ ಸರ್" ಅಂದೆ. ಅವರು ಕೊಡೆ ಎತ್ತಿಕೊಂಡು ಹೊರಟೇಬಿಟ್ಟರು.

ಹುತ್ತರಿ ಮುಗಿದ ಮಾರನೇ ವಾರ ವಿರಾಜಪೇಟೆ ಕಡೆ ಎರಡನೇ ಪ್ರಯೋಗ ಇದೆ. ದೃಶ್ಯ ಇಡೋದಾ, ತೆಗೆಯೋದಾ?

ಕಾಫಿಗಿಡ
ಇಡಿ. ನಾಟಕಕ್ಕೆ ದಾಖಲೆ ಕೇಳುವವರು ಪಹಣಿ ಓದಲಿ.

ನಾಪೋಕ್ಲು ನೆಂಟ
ನಾನು ಅವತ್ತು ಮೂರನೇ ಸಾಲಿನಲ್ಲಿ ಕೂತಿದ್ದೆ. ಮೇಷ್ಟ್ರು ಅರ್ಧ ಕಥೆ ಮಾತ್ರ ಹೇಳಿದ್ದಾರೆ. ಆ ಹಿರಿಯರ ಸಿಟ್ಟು ದಾಖಲೆಯದ್ದಲ್ಲ. ದೃಶ್ಯದಲ್ಲಿ ಚಿನ್ನಪ್ಪನವರು ಕೈಕಟ್ಟಿ ನಿಲ್ಲುತ್ತಾರೆ, ಪಂಜೆ ಕುರ್ಚಿಯಲ್ಲಿ ಕೂತಿರುತ್ತಾರೆ. "ಹಾಡುಗಳನ್ನು ಬರೆದಿಡುವುದು ಹೇಗೆ ಅಂತ ಹೇಳಿಕೊಡಿ ರಾಯರೇ" ಅಂತ ಇವರು ಕೇಳುವುದು, ಅವರು ಕನ್ನಡಕ ಸರಿಮಾಡಿಕೊಂಡು ಉಪದೇಶ ಮಾಡುವುದು. ನನಗೂ ಚುರುಕ್ ಅಂತು. ಊರೂರು ಅಲೆದು, ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಹಿಡಿದು ಹಾಡುವವರ ಎದುರು ಕೂತು, ಬಾಯಲ್ಲಿದ್ದ ಹಾಡನ್ನೆಲ್ಲ ಬರಹಕ್ಕೆ ಇಳಿಸಿದ ಮನುಷ್ಯ ಅವರು. ಅವರಿಗೇ ಪಾಠವಾ?

ತಾಲೀಮು ಮೇಷ್ಟ್ರು
ಕೈಕಟ್ಟಿ ನಿಂತದ್ದು ನಾನು ಹೇಳಿಕೊಟ್ಟದ್ದಲ್ಲ. ಆ ಪಾತ್ರ ಮಾಡಿದವನಿಗೆ ವೇದಿಕೆ ಹತ್ತಿದರೆ ಕೈ ಎಲ್ಲಿಡಬೇಕು ಅಂತ ಗೊತ್ತಾಗುವುದಿಲ್ಲ. ಮಾತು ಮಾತ್ರ ನನ್ನದೇ. ಒಪ್ಪಿಕೊಳ್ಳುತ್ತೇನೆ.

ಪ್ರಾಂಪ್ಟರ್ ಪುಟ್ಟ
ಕೈ ಎಲ್ಲಿಡಬೇಕು ಗೊತ್ತಿಲ್ಲದವನು ನಾನೇ. ನಮಸ್ಕಾರ. ಮೊದಲು ಪ್ರಾಂಪ್ಟರ್ ಆಗಿದ್ದೆ, ಪಾತ್ರಧಾರಿಗೆ ಜ್ವರ ಬಂದು ಮೂರು ದಿನ ಮೊದಲು ನನ್ನನ್ನು ದೂಡಿದರು. ಇನ್ನು ಆ ಕನ್ನಡಕ ಪಂಜೆ ಪಾತ್ರಧಾರಿಯದ್ದೇ, ಅದು ಇಲ್ಲದಿದ್ದರೆ ಅವರಿಗೆ ವಿಂಗ್ಸ್ ಎಲ್ಲಿದೆ ಅಂತ ಕಾಣುವುದಿಲ್ಲ.

ಬೆಟ್ಟದ ಬಸ್ಸು
ಪಂಜೆ ಅಂದರೆ "ಮಡಿಕೇರೀಲಿ ಮಂಜು" ಬರೆದವರಲ್ವಾ? ಆ ಪದ್ಯ ನಾಟಕದಲ್ಲಿ ಬರಲೇ ಇಲ್ಲ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಬೇಸರ.

ಸೋಮವಾರಪೇಟೆಯವಳು
ಅದು ಜಿ.ಪಿ. ರಾಜರತ್ನಂ ಮಾರಾಯ್ರೇ, ರತ್ನನ ಪದಗಳು. ಪಂಜೆಯವರದ್ದು ಹುತ್ತರಿ ಹಾಡು, ನಾಗರಹಾವೆ, ತೆಂಕಣ ಗಾಳಿಯಾಟ. 'ಕವಿಶಿಷ್ಯ' ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದರು.

ಬೆಟ್ಟದ ಬಸ್ಸು
ಹೌದಾ! ಇಷ್ಟು ವರ್ಷ ರೆಸಾರ್ಟಿನ ಗೋಡೆ ನೋಡಿ ನೋಡಿ ತಪ್ಪು ತಿಳಿದುಕೊಂಡಿದ್ದೆ. ಅಲ್ಲಿ ಎರಡನ್ನೂ ಒಂದೇ ಬೋರ್ಡಲ್ಲಿ ಬರೆಸಿದ್ದಾರೆ, ಕೆಳಗೆ ಕವಿ ಹೆಸರೇ ಇಲ್ಲ.

ಹಳೇ ಕಂಪೆನಿ
ನನ್ನ ಪ್ರಶ್ನೆ ಬೇರೆ. ನಮ್ಮ ಊರಲ್ಲಿ ನಾಟಕ ಮಾಡುವಾಗ ಹೊರಗಿನಿಂದ ಬಂದು ನಾಲ್ಕು ದಿನ ಇದ್ದು ಹೋದ ಕವಿಯೇ ಯಾಕೆ ಬೇಕು? ಹರದಾಸ ಅಪ್ಪಚ್ಚ ಕವಿ ಇಲ್ಲವಾ? ಕೊಡವ ಭಾಷೆಯಲ್ಲಿ ನಾಲ್ಕು ನಾಟಕ ಬರೆದವರು: ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ. ನಾಟಕದವರು ಮೊದಲು ನಾಟಕಕಾರನಿಗೆ ಕೈಮುಗಿಯಬೇಕು. 1868ರಿಂದ 1944, ಭರ್ತಿ ಬದುಕು. ಹರಿಕಥೆ ಹೇಳುತ್ತಿದ್ದ ಮನುಷ್ಯ, ಹಾಡು ಬೇಕಾದಷ್ಟಿದೆ. ಇದಕ್ಕಿಂತ ಒಳ್ಳೆ ಕಥಾನಾಯಕ ಸಿಗುತ್ತಾನಾ ಹೇಳಿ.

ಕಾಫಿಗಿಡ
ಅದನ್ನು ನೀವು ಮಾಡಿ ಅಣ್ಣ, ನಾವು ಬಂದು ನೋಡುತ್ತೇವೆ. ಮಾಡಿದವರನ್ನು ಹಿಡಿದು ಇದ್ಯಾಕೆ, ಅದ್ಯಾಕಲ್ಲ ಅಂತ ಕೇಳುವುದು ಸುಲಭ.

ಹಳೇ ಕಂಪೆನಿ
1980ರಲ್ಲಿ ಮಾಡಿದ್ದೇನೆ ತಮ್ಮಾ. ನೀನು ಹುಟ್ಟಿರಲಿಲ್ಲ ಅನ್ಸುತ್ತೆ.

ಬಂಟ್ವಾಳ ಮೂಲ
"ಹೊರಗಿನವರು" ಅಂದದ್ದಕ್ಕೆ ಒಂದು ಮಾತು. ಪಂಜೆ ಹುಟ್ಟಿದ್ದು ನಮ್ಮ ಬಂಟ್ವಾಳದಲ್ಲಿ, ಮನೆಮಾತು ಕೊಂಕಣಿ, ಸುತ್ತ ತುಳು, ಬರೆದದ್ದು ಕನ್ನಡ. ಹೆಸರಿನ ಪಂಜ ಇರುವುದು ಸುಬ್ರಹ್ಮಣ್ಯದ ಹತ್ತಿರ, ಅಂದರೆ ನಿಮ್ಮ ಗುಡ್ಡದ ಆಚೆ ಬದಿ. ತೀರಿಕೊಂಡದ್ದು ಹೈದರಾಬಾದಿನಲ್ಲಿ, 1937ರಲ್ಲಿ. ಇಂಥವರನ್ನು ಯಾವ ಊರಿನ ಲೆಕ್ಕಕ್ಕೆ ಹಾಕುತ್ತೀರಿ? ಕೊಡಗಿನ ಮೇಲೆ ಹಾಡು ಬರೆಯಿರಿ ಅಂತ ಅವರನ್ನು ಯಾರಾದರೂ ಹಿಡಿದು ಕೂರಿಸಿದ್ದರಾ? ಹಾಡನ್ನು ಮಾತ್ರ ಇಟ್ಟುಕೊಂಡು ಮನುಷ್ಯನನ್ನು ಘಟ್ಟದ ಕೆಳಗೆ ಕಳಿಸಬೇಡಿ.

ಇನ್ನು ನಾಟಕದ ಬಗ್ಗೆ. ನನಗೆ ಪಂಜೆ ಪಾತ್ರಧಾರಿಯ ಮಾತೇ ಕಿರಿಕಿರಿ ಆಯಿತು. ಮನೆಯಲ್ಲಿ, ಶಾಲೆಯಲ್ಲಿ, ತರಕಾರಿಯವಳ ಹತ್ತಿರ, ಎಲ್ಲ ಕಡೆ ಒಂದೇ ಪುಸ್ತಕದ ಕನ್ನಡ. ಕವಿ ಅಂದರೆ ಇಪ್ಪತ್ನಾಲ್ಕು ಗಂಟೆ ಭಾಷಣದ ಹಾಗೆ ಮಾತಾಡುತ್ತಾನಾ? ಮಕ್ಕಳಿಗೆ ಪದ್ಯ ಬರೆದವರು ಅವರು!

ತಾಲೀಮು ಮೇಷ್ಟ್ರು
ಇದು ಸರಿಯಾದ ಪೆಟ್ಟು. ಮೊದಲ ಕರಡಿನಲ್ಲಿ ಮನೆಯ ದೃಶ್ಯಕ್ಕೆ ನಾಲ್ಕು ಸಾಲು ಕೊಂಕಣಿ ಇತ್ತು. ನಮ್ಮ ತಂಡದಲ್ಲಿ ಯಾರಿಗೂ ಬಾಯಿ ತಿರುಗಲಿಲ್ಲ. ಅಮ್ಮನ ಪಾತ್ರದವರು ಹೇಳಿದ್ದನ್ನು ಕೇಳಿ ಕೊಂಕಣಿ ಬಲ್ಲ ಒಬ್ಬರು "ನೀವು ಮಗನನ್ನು ಕರೀತಿಲ್ಲ, ಮೀನು ಮಾರ್ತಿದ್ದೀರಿ" ಅಂದರು. ತೆಗೆದುಬಿಟ್ಟೆ.

ಬಂಟ್ವಾಳ ಮೂಲ
ಎಂತ ಸಾವು ಮಾರಾಯ್ರೇ. ಫೋನಿನಲ್ಲಿ ಕಳಿಸಿ, ನನ್ನ ಹೆಂಡತಿ ಹೇಳಿಕೊಡುತ್ತಾಳೆ.

ಸೋಮವಾರಪೇಟೆಯವಳು
ಬಿಳಿ ಕುಪ್ಯದ, ಅಂದರೆ ಕೊಡವ ಗಂಡಸರ ನಿಲುವಂಗಿಯ, ವಿಷಯ ಯಾರೂ ಎತ್ತಲಿಲ್ಲವಲ್ಲ, ನಾನೇ ಎತ್ತುತ್ತೇನೆ.

ಎಂಟನೇ ದೃಶ್ಯದಲ್ಲಿ ಹುತ್ತರಿ ಬರುತ್ತದೆ. ಆರು ಜನ ಭತ್ತದ ಕದಿರು ಹಿಡಿದು, "ಪೊಲಿ ಪೊಲಿ ದೇವಾ" ಅಂತ ಕೂಗುತ್ತಾ ಬರಬೇಕು. ಐದು ಜನ ಕಪ್ಪು ಕುಪ್ಯ, ಸೊಂಟಕ್ಕೆ ಕೆಂಪು ಚೇಲೆ, ಪೀಚೆಕತ್ತಿ, ಚೆನ್ನಾಗಿ ಕಾಣುತ್ತಿದ್ದರು. ಆರನೆಯವನು ಬಿಳಿ ಕುಪ್ಯದಲ್ಲಿ ಬಂದ! ನನ್ನ ಪಕ್ಕದಲ್ಲಿ ಒಬ್ಬರು ಅಜ್ಜಿ, ಅಲ್ಲಿಯವರೆಗೆ ತೂಕಡಿಸುತ್ತಿದ್ದವರು, ಥಟ್ಟನೆ ಎಚ್ಚರವಾಗಿ ಸೊಸೆಯನ್ನು ತಿವಿದು ಕೇಳಿದರು, "ಮದುವೆ ಯಾರದ್ದು?" ಆಮೇಲೆ ಅವನು ಎಲ್ಲಿ ಹೋದರೂ ಅಜ್ಜಿಯ ಕಣ್ಣು ಅವನ ಹಿಂದೆಯೇ. ಹೆಣ್ಣು ಈಗ ಬರುತ್ತಾಳೆ ಅಂತ ಕಾಯುತ್ತಿದ್ದರು ಪಾಪ.

ಬೆಟ್ಟದ ಬಸ್ಸು
ಗೊತ್ತಿಲ್ಲದವನು ಕೇಳುತ್ತಿದ್ದೇನೆ, ಬಿಳಿ ಹಾಕಿದರೆ ಏನಾಗುತ್ತೆ?

ನಾಪೋಕ್ಲು ನೆಂಟ
ಬಿಳಿ ಕುಪ್ಯ ಮದುಮಗನದ್ದು. ಉಳಿದವರು ಕಪ್ಪು. ಕದಿರು ತೆಗೆಯಲು ಹೋಗುವ ಗುಂಪಿನಲ್ಲಿ ಒಬ್ಬ ಮದುವೆ ಗಂಡು ಇದ್ದರೆ ನಗು ಬಾರದೇ ಇರುತ್ತದಾ?

ಪ್ರಾಂಪ್ಟರ್ ಪುಟ್ಟ
ಅದೂ ನಾನೇ. ಚಿನ್ನಪ್ಪ ಪಾತ್ರ ಮುಗಿಸಿ ಎರಡು ನಿಮಿಷದಲ್ಲಿ ಬಟ್ಟೆ ಬದಲಿಸಿ ಗುಂಪಿಗೆ ಸೇರಬೇಕಿತ್ತು. ತಂದಿಟ್ಟಿದ್ದ ಕಪ್ಪು ಕುಪ್ಯ ಭುಜಕ್ಕೆ ಹತ್ತಲಿಲ್ಲ. ಪಕ್ಕದಲ್ಲಿ ನನ್ನ ಭಾವನ ಮದುವೆಯದ್ದು ಇತ್ತು, ಎಳೆದುಕೊಂಡೆ. ಕತ್ತಲಲ್ಲಿ ಬಣ್ಣ ಯಾರು ನೋಡುತ್ತಾರೆ ಅಂದುಕೊಂಡರೆ ಲೈಟಿನವನು ನನ್ನ ಮೇಲೇ ಸ್ಪಾಟ್ ಹಾಕಿದ.

ವಿಂಗ್ಸ್ ಪಕ್ಕ
ಲೈಟಿನವನು ನಾನು. ಬಿಳಿ ಬಟ್ಟೆಗೆ ಬೆಳಕು ಬಿದ್ದರೆ ಅದೇ ಎದ್ದು ಕಾಣುತ್ತೆ, ನಾನು ಬೇಕಂತ ಹಾಕಿದ್ದಲ್ಲ. ಬೇರೆ ಯಾರಾದರೂ ಹೇಳುವ ಮೊದಲು ನನ್ನ ಕಷ್ಟವನ್ನೂ ಹೇಳಿಬಿಡುತ್ತೇನೆ. ಆ ಸಭಾಂಗಣದ ಮಾಡು ತಗಡಿನದ್ದು. ಐದನೇ ದೃಶ್ಯಕ್ಕೆ ಮಳೆ ಹಿಡಿಯಿತು ನೋಡಿ, ನಮ್ಮ ಮಡಿಕೇರಿ ಮಳೆ, ಗೊತ್ತಲ್ಲ. ಕಾಲರ್ ಮೈಕು ಎರಡೇ ಇದ್ದದ್ದು, ಒಂದು ಪಂಜೆಗೆ, ಇನ್ನೊಂದು ಯಾರು ಒಳಗೆ ಹೋಗುತ್ತಾರೋ ಅವರಿಂದ ಕಿತ್ತು ಬರುವವರಿಗೆ. ಕರೆಂಟ್ ಎರಡು ಸಲ ಹೋಯಿತು. ಜನರೇಟರ್ ಹತ್ತಿಕೊಳ್ಳುವ ಆ ಅರ್ಧ ನಿಮಿಷ ಪಂಜೆ ಪಾತ್ರಧಾರಿ ನಾಗರಹಾವೆ ಪದ್ಯ ಗಟ್ಟಿಯಾಗಿ ಹೇಳಲು ಶುರುಮಾಡಿದರು. ಮುಂದಿನ ಸಾಲಿನ ಮಕ್ಕಳು ಸೇರಿಕೊಂಡರು. ಲೈಟ್ ಬಂದಾಗ ಅರ್ಧ ಸಭೆ ಹೇಳುತ್ತಿತ್ತು. ನಿಜ ಹೇಳಬೇಕಂದ್ರೆ ಇಡೀ ನಾಟಕದಲ್ಲಿ ನನಗೆ ಇಷ್ಟವಾದದ್ದು ಆ ಕತ್ತಲೆಯೇ.

ಕಾಫಿಗಿಡ
ಓ ಅದು ನಾಟಕದಲ್ಲೇ ಇತ್ತು ಅಂದುಕೊಂಡಿದ್ದೆ! ಎಷ್ಟು ಚೆಂದ ಮಾಡಿದ್ದಾರೆ ಅಂತ ಮನೆಗೆ ಹೋಗಿ ಹೊಗಳಿದೆ.

ತಾಳಮದ್ದಳೆ
ಹುತ್ತರಿ ಹಾಡಿನ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ನಾನು ಬಿಡುತ್ತೇನೆ, ಸಿಟ್ಟಾಗಬೇಡಿ. ಅದನ್ನು ಅಷ್ಟು ನಿಧಾನ ಎಳೆದದ್ದು ಯಾಕೆ? ಕಣ್ಣು ಮುಚ್ಚಿ, ಕೀಬೋರ್ಡ್ ಹಿಂದೆ ಬಿಟ್ಟು, ಭಾವಗೀತೆ ಕ್ಯಾಸೆಟ್ಟಿನ ಹಾಗೆ. ಅದು ನಡಿಗೆಯ ಹಾಡು. ಮಾತ್ರೆ ಲೆಕ್ಕ ಹಾಕಿ: ಮೂರು ನಾಲ್ಕು, ಮೂರು ನಾಲ್ಕು. ಎಲ್ಲಿ ಭೂರಮೆ ದೇವ ಸನ್ನಿಧಿ. ಚಪ್ಪಾಳೆ ತಟ್ಟಿ ನೋಡಿ, ಕೈಗೆ ತಾನಾಗಿ ಬರುತ್ತದೆ. ಭಾಮಿನಿ ಷಟ್ಪದಿಯ ಓಟವೂ ಅದೇ ಮೂರು ನಾಲ್ಕು. ಗಮಕಿಗಳು ಭಾರತ ಓದುವಾಗ ಕೇಳಿಸುವ ಆ ಓಟ ಇಟ್ಟುಕೊಂಡೇ ಪಂಜೆ ಬೆಟ್ಟ ಹತ್ತಿಸುತ್ತಾರೆ. ಅದನ್ನು ಎಳೆದರೆ ಬೆಟ್ಟ ಹತ್ತುವವನು ಅರ್ಧದಲ್ಲಿ ಕೂತು ಬೀಡಿ ಹಚ್ಚಿದ ಹಾಗೆ.

ಸೋಮವಾರಪೇಟೆಯವಳು
ಹಾಡಿದವಳು ನಾನು. ಬೀಡಿಗೆ ಧನ್ಯವಾದ.

ತಾಳಮದ್ದಳೆ
ಅಯ್ಯೋ ಅಕ್ಕ, ಗೊತ್ತಿರಲಿಲ್ಲ. ಕಂಠ ಚೆನ್ನಾಗಿತ್ತು, ದೇವರಾಣೆ. ಲಯದ ಬಗ್ಗೆ ಮಾತ್ರ ಹೇಳಿದ್ದು.

ಸೋಮವಾರಪೇಟೆಯವಳು
ಸಿಟ್ಟಿಲ್ಲ. ಶಾಲೆಯಲ್ಲಿ ನಾವು ಸಾಲಾಗಿ ನಿಂತು ಹೇಳುತ್ತಿದ್ದದ್ದು ನೀವು ಹೇಳಿದ ಓಟದಲ್ಲೇ. ಸ್ಟೇಜಿಗೆ ಅಂತ 'ಭಾವ' ತುಂಬಲು ಹೋಗಿ ಹೀಗಾಯಿತು. ನಿನ್ನೆ ರಾತ್ರಿ ದೋಸೆ ಹುಯ್ಯುತ್ತಾ ನೀವು ಹೇಳಿದ ಹಾಗೆ ಹೇಳಿನೋಡಿದೆ. ಸೌಟು ಕೂಡ ತಾಳಕ್ಕೆ ಬಂತು. ಆದರೆ ಒಂದು, ಹಿಂದೆ ಕೀಬೋರ್ಡ್ ಬೇಡ, ದುಡಿ ಇರಲಿ.

ಹಳೇ ಕಂಪೆನಿ
ದುಡಿಗೆ ಕೊಡವ ಹಾಡಿನ ಬಡಿತ ಬೇರೆ, ಇದರ ಲೆಕ್ಕ ಬೇರೆ. ಸುಮ್ನೆ ಅಲಂಕಾರಕ್ಕೆ ದುಡಿ ತರಬೇಡಿ. ಗೊತ್ತಿದ್ದವರನ್ನು ಕರೆದು ಕೇಳಿ.

ಮತ್ತೆ, ಆ ತರಗತಿಯ ದೃಶ್ಯ. ಮಡಿಕೇರಿ ಹೈಸ್ಕೂಲು, 1920ರ ದಶಕ, ಗೋಡೆಯ ಮೇಲೆ ಕರ್ನಾಟಕದ ನಕ್ಷೆ! ಆಗ ಕೊಡಗು ಬ್ರಿಟಿಷರ ಚೀಫ್ ಕಮಿಷನರ್ ಕೈಕೆಳಗಿನ ಪುಟ್ಟ ಪ್ರಾಂತ್ಯ. ಮೈಸೂರಿಗೆ ಸೇರಿದ್ದು 1956ರಲ್ಲಿ, ಕರ್ನಾಟಕ ಅನ್ನುವ ಹೆಸರು ಬಂದದ್ದು 1973ರಲ್ಲಿ. ಹೆಡ್‌ಮಾಸ್ಟರು ಐವತ್ತು ವರ್ಷ ಮುಂದಿನ ನಕ್ಷೆಗೆ ಕೋಲು ತೋರಿಸಿ ಪಾಠ ಮಾಡುತ್ತಿದ್ದಾರೆ. ಬಾಗಿಲ ಬೋರ್ಡಿನಲ್ಲಿ ಮಾತ್ರ ಮಡಿಕೇರಿಯ ಆಗಿನ ಇಂಗ್ಲಿಷ್ ಹೆಸರು 'ಮರ್ಕರಾ' ಅಂತ ಸರಿಯಾಗಿ ಬರೆಸಿದ್ದಿರಿ, ಅದಕ್ಕೆ ಒಂದು ಮಾರ್ಕ್ ಕೊಟ್ಟೆ.

ವಿಂಗ್ಸ್ ಪಕ್ಕ
ನಕ್ಷೆ ಶಾಲೆಯಿಂದ ತಂದದ್ದು. ಇದ್ದದ್ದು ಅದೊಂದೇ. ಇನ್ನೊಂದು ಕಡೆ ಮನುಷ್ಯನ ಜೀರ್ಣಾಂಗದ ಚಿತ್ರ ಇತ್ತು, ಅದನ್ನು ತಿರುಗಿಸಿ ಹಾಕಲಾ?

ಹಳೇ ಕಂಪೆನಿ
ಅದೇ ವಾಸಿ. ಹೊಟ್ಟೆ ಆಗಲೂ ಇತ್ತು.

ಗೋಣಿಕೊಪ್ಪದ ಅಣ್ಣ
ನಡುವೆ ನುಗ್ಗುತ್ತಿದ್ದೇನೆ. ಹುತ್ತರಿ ಮುಗಿದ ಮಾರನೇ ವಾರ ಅಂತೀರಿ, ಅರೇಬಿಕಾ ಕುಯ್ಲು ಜೋರಲ್ಲಿರುತ್ತದೆ, ಯಾರು ಬರುತ್ತಾರೆ? ತೋಟದಲ್ಲಿ ಇಡೀ ದಿನ ಆಳುಗಳ ಹಿಂದೆ ನಿಂತವನು ಸಂಜೆ ಎರಡೂವರೆ ಗಂಟೆ ನಾಟಕ ನೋಡುತ್ತಾನಾ? ಹುತ್ತರಿ ದಿನವೇ ಇನ್ನೂ ಗೊತ್ತಾಗಿಲ್ಲ. ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿ ಆದ ಮೇಲೆ ಹಾಲ್ ಬುಕ್ ಮಾಡಿ. ಮೈಕು ರಾತ್ರಿ 10ಕ್ಕೆ ಬಂದ್ ಮಾಡಬೇಕು, ಅದೂ ನೆನಪಿರಲಿ. ಆರಕ್ಕೆ ಅಂತ ಹಾಕಿ ಏಳೂಕಾಲಿಗೆ ಶುರುಮಾಡಿದರೆ ರಾಯಚೂರಿಗೆ ಹೋಗುವಷ್ಟರಲ್ಲಿ ಪೊಲೀಸರು ಬರುತ್ತಾರೆ.

ಪ್ರಾಂಪ್ಟರ್ ಪುಟ್ಟ
ಆನೆಯನ್ನೂ ಸೇರಿಸಿ. ಪಂಜೆ ಪಾತ್ರಧಾರಿ ಸಿದ್ದಾಪುರದ ಕಡೆಯವರು. ತಾಲೀಮಿನಲ್ಲಿ ಕಡೆಯ ಮೂರು ದೃಶ್ಯ ಅವರು ಮಾಡಿದ್ದು ಎರಡೇ ಸಲ. ಏಳು ಗಂಟೆ ಆಯಿತೆಂದರೆ ಹೆಂಡತಿ ಫೋನ್ ಮಾಡುತ್ತಾರೆ, ದಾರಿಯಲ್ಲಿ ಆನೆ ನಿಂತಿದೆಯಂತೆ ಅಂತ. ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಭಾಷಣ ಅರ್ಧಕ್ಕೇ ಬಿಟ್ಟು ಬೈಕ್ ಹತ್ತಿ ಹೋದದ್ದೂ ಉಂಟು.

ಕಾಫಿಗಿಡ
ಒಂದು ಡೌಟು. ಹಾಡು, ಪದ್ಯ ಎಲ್ಲ ಬಳಸಲು ಯಾರ ಅನುಮತಿಯಾದರೂ ಬೇಕಾ? ನಮ್ಮ ತಂಡ ಒಂದು ಸಲ ಇದೇ ವಿಷಯಕ್ಕೆ ಸಿಕ್ಕಿಹಾಕಿಕೊಂಡಿತ್ತು.

ಬಂಟ್ವಾಳ ಮೂಲ
ಪಂಜೆಯವರದ್ದಕ್ಕೆ ಬೇಡ. ಲೇಖಕ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ, 1937ಕ್ಕೆ ಸೇರಿಸಿ, 1997ಕ್ಕೆ ಮುಗಿಯಿತು. ಆದರೆ ಈಗಿನವರು ಯಾರೋ ರಾಗ ಹಾಕಿ ರೆಕಾರ್ಡ್ ಮಾಡಿದ್ದನ್ನು ಹಾಗೇ ಹಾಕುವಂತಿಲ್ಲ. ನಿಮ್ಮದೇ ರಾಗದಲ್ಲಿ ನೀವೇ ಹಾಡಿದರೆ ತಕರಾರಿಲ್ಲ.

ನಾಪೋಕ್ಲು ನೆಂಟ
ನಕ್ಷೆ, ಆನೆ, ಕುಪ್ಯ ಎಲ್ಲ ಆಯಿತು. ಏಳನೇ ದೃಶ್ಯಕ್ಕೆ ಬನ್ನಿ ಮೇಷ್ಟ್ರೇ, ನುಣುಚಿಕೊಳ್ಳಬೇಡಿ.

ನನ್ನ ಮಾತು ಇಷ್ಟು. ಕಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ಕಟ್ಟಿದ್ದರಲ್ಲಿ ಯಾರನ್ನು ಕುರ್ಚಿಯಲ್ಲಿ ಕೂರಿಸಿದಿರಿ, ಯಾರನ್ನು ನಿಲ್ಲಿಸಿದಿರಿ, ಅದು ತಕರಾರು. ಪಟ್ಟೋಲೆ ಪಳಮೆ ಇವತ್ತಿಗೂ ಮನೆಮನೆಯಲ್ಲಿದೆ. 2003ರಲ್ಲಿ ಇಂಗ್ಲಿಷಿಗೂ ಬಂತು, ಅನುವಾದ ಮಾಡಿದ್ದು ಅವರ ಮೊಮ್ಮಕ್ಕಳೇ. ಅವರ ಮನೆಯವರು ಬಂದು ಮುಂದಿನ ಸಾಲಿನಲ್ಲಿ ಕೂತರೆ ನೀವು ಅದೇ ಮಾತು ಆಡಿಸುತ್ತೀರಾ? ಇಪ್ಪತ್ತರ ದಶಕದಲ್ಲಿ ಈ ಊರಿಗೆ ಹೊಸಬರು ಪಂಜೆ. ಹುತ್ತರಿ ಏನು, ಇಗ್ಗುತ್ತಪ್ಪ ಯಾರು, ಐನ್‌ಮನೆ ಅಂದರೆ ಏನು ಅಂತ ಕೇಳಬೇಕಾದವರು ಅವರು. ಕೇಳದೆ ಆ ಹಾಡು ಬರೆಯಲು ಆಗುತ್ತಿತ್ತಾ? ಹಾಗಿರುವಾಗ ಕುರ್ಚಿ ಯಾರದ್ದು?

ಹಳೇ ಕಂಪೆನಿ
ಇವನು ಸರಿಯಾಗಿ ಹೇಳಿದ.

ಕಾಫಿಗಿಡ
ನಾನು ಇಡಿ ಅಂದಿದ್ದೆ. ಈಗಲೂ ಇಡಿ ಅಂತಲೇ ಹೇಳುತ್ತೇನೆ, ಆದರೆ ಕುರ್ಚಿ ಬದಲಿಸಿ.

ತಾಳಮದ್ದಳೆ
ಸೂತ್ರಧಾರ ಬಂದು "ಇದು ನಾವು ಕಟ್ಟಿದ್ದು, ನಡೆದದ್ದಲ್ಲ" ಅಂತ ಮೊದಲೇ ಹೇಳಿಬಿಡಲಿ. ಮುಗಿಯಿತು.

ವಿಂಗ್ಸ್ ಪಕ್ಕ
ಬೇಡ ಮಾರಾಯ್ರೇ. ಔಷಧಿ ಜಾಹೀರಾತಿನ ಕೊನೆಯಲ್ಲಿ ಬಡಬಡ ಹೇಳುತ್ತಾರಲ್ಲ, ಹಾಗಾಗುತ್ತದೆ. ಲಾಟೀನು ಹಚ್ಚುವ ಮೊದಲೇ ದೃಶ್ಯ ಸತ್ತುಹೋಗುತ್ತದೆ.

ಸೋಮವಾರಪೇಟೆಯವಳು
ಇನ್ನೊಂದು ದಾರಿ ಇದೆ. ದೊಡ್ಡ ಹೆಸರಿನವರನ್ನು ಯಾಕೆ ತರಬೇಕು? ಹೆಡ್‌ಮಾಸ್ಟರ ಹತ್ತಿರ ಒಬ್ಬ ಹುಡುಗ ಹುತ್ತರಿಗೆ ರಜೆ ಕೇಳಲು ಬರಲಿ. ಇವರು "ಏನು ಹಬ್ಬ ಅದು?" ಅಂತ ಕೇಳಲಿ. ಹುಡುಗ ಹೇಳುತ್ತಾ ಹೋಗಲಿ, ಕದಿರು ತೆಗೆಯುವುದು, ಕೋವಿ ಹಾರಿಸುವುದು, ಮನೆಗೆ ತಂದು ಕಂಬಕ್ಕೆ ಕಟ್ಟುವುದು. ಹೇಳುತ್ತಾ ಹೇಳುತ್ತಾ ಹುಡುಗನಿಗೆ ಹೆಡ್‌ಮಾಸ್ಟರ್ ಎದುರಿಗಿದ್ದಾರೆ ಅನ್ನುವುದೇ ಮರೆತು ಅವರ ಕುರ್ಚಿಯಲ್ಲಿ ಕೂತುಬಿಡಲಿ. ಅವರು ನಿಂತುಕೊಂಡೇ ಬರೆದುಕೊಳ್ಳಲಿ. ಮಕ್ಕಳ ಕವಿಗೆ ಮಗುವೇ ಮೇಷ್ಟ್ರು. ಈ ಹುಡುಗ ನಿಜವಾಗಿ ಇದ್ದನಾ ಅಂತ ಯಾರೂ ಕೇಳುವುದಿಲ್ಲ. ಅಂಥ ಹುಡುಗರು ಆ ಶಾಲೆ ತುಂಬ ಇದ್ದರು.

ಬೆಟ್ಟದ ಬಸ್ಸು
ಓದುತ್ತಾ ಮೈ ಜುಂ ಅಂತು.

ಗೋಣಿಕೊಪ್ಪದ ಅಣ್ಣ
ಚೆನ್ನಾಗಿದೆ. ಆದರೆ ಚಿನ್ನಪ್ಪನವರು ಪೂರ್ತಿ ಹೋಗಬಾರದು. ಹುಡುಗನ ಕೈಯಲ್ಲಿ ಪುಸ್ತಕ ಇರಲಿ. 1924 ಆದಮೇಲಿನ ದೃಶ್ಯ ಅಂತ ಇಟ್ಟುಕೊಂಡರೆ ಪಟ್ಟೋಲೆ ಪಳಮೆ ಅವನ ಚೀಲದಲ್ಲಿ ಇರಬಹುದಲ್ಲ. "ಇದರಲ್ಲಿ ಎಲ್ಲ ಇದೆ ಸಾರ್, ನಮ್ಮ ಅಜ್ಜ ಓದಿಸುತ್ತಾರೆ" ಅಂದರೆ ಸಾಕು.

ಹಳೇ ಕಂಪೆನಿ
ಹಾಡು ಬರೆದದ್ದು 24ರ ಮೊದಲೋ ಆಮೇಲೋ ಅಂತ ನಾಳೆ ಇನ್ನೊಬ್ಬ ಹಿರಿಯ ಕೊಡೆ ಎತ್ತಿಕೊಂಡು ಏಳುತ್ತಾನೆ. ಪುಸ್ತಕ ಬೇಡ. ಹುಡುಗ ಬಾಯಲ್ಲೇ ಹೇಳಲಿ. ಆ ಪುಸ್ತಕವೂ ಬಾಯಿಂದಲೇ ಬಂದದ್ದು.

ತಾಲೀಮು ಮೇಷ್ಟ್ರು
ಎರಡು ದಿನ ಸುಮ್ಮನಿದ್ದದ್ದಕ್ಕೆ ಕ್ಷಮಿಸಿ, ಬರೆಯುತ್ತಿದ್ದೆ. ನುಣುಚಿಕೊಂಡದ್ದಲ್ಲ.

ಏಳನೇ ದೃಶ್ಯ ತೆಗೆದೆ. ನಿಜಕ್ಕೂ ಹೊಟ್ಟೆ ಉರಿಯಿತು, ಅಷ್ಟು ಚಪ್ಪಾಳೆ ಬಿದ್ದ ದೃಶ್ಯ. ಅಕ್ಕ ಹೇಳಿದ ಹುಡುಗನನ್ನು ತಂದಿದ್ದೇನೆ. ಪುಸ್ತಕ ಇಲ್ಲ. ಹುಡುಗ ಮಧ್ಯದಲ್ಲಿ ಎರಡು ಸಾಲು ತನ್ನ ಮನೆಮಾತು ಕೊಡವ ತಕ್ಕ್‌ನಲ್ಲೇ ಹೇಳುತ್ತಾನೆ, ಹೆಡ್‌ಮಾಸ್ಟರಿಗೆ ಅರ್ಥ ಆಗುವುದಿಲ್ಲ, ಇನ್ನೊಂದು ಸಲ ಹೇಳು ಅಂತಾರೆ. ಬಂಟ್ವಾಳದವರ ಮನೆಯವರಿಂದ ಅಮ್ಮನ ಕೊಂಕಣಿ ಮಾತು ಫೋನಿನಲ್ಲಿ ಬಂತು, ಈಗ ಮೀನು ಮಾರುವ ಹಾಗೆ ಕೇಳುವುದಿಲ್ಲ. ತಾರೀಖು ಇಗ್ಗುತ್ತಪ್ಪನಲ್ಲಿ ದಿನ ಗೊತ್ತಾದ ಮೇಲೆ ಹೇಳುತ್ತೇನೆ, ಭಾನುವಾರ ಮಧ್ಯಾಹ್ನ ಮೂರಕ್ಕೆ ಇಟ್ಟರೆ ಆನೆಗೂ ಪೊಲೀಸರಿಗೂ ಕೆಲಸ ಇರುವುದಿಲ್ಲ. ಕೊಡೆ ಎತ್ತಿಕೊಂಡು ಹೋದ ಹಿರಿಯರ ಮನೆಗೂ ಹೋಗಿ ಹೊಸ ದೃಶ್ಯ ಓದಿ ಬಂದೆ. ಪೂರ್ತಿ ಕೇಳಿದರು. ಚೆನ್ನಾಗಿದೆ ಅನ್ನಲಿಲ್ಲ. "ಆ ಹುಡುಗ ಕೊಡಗಿನ ಯಾವ ನಾಡಿನವನು?" ಅಂತ ಕೇಳಿದರು. ನಾನು ಯೋಚಿಸಿರಲಿಲ್ಲ. "ಯೋಚಿಸಿ ಬನ್ನಿ" ಅಂದು ಕಾಫಿ ಕೊಟ್ಟರು.

ನಾಪೋಕ್ಲು ನೆಂಟ
ನಾಪೋಕ್ಲು ಅಂತ ಹಾಕಿ. ಇನ್ನೇನು ಯೋಚನೆ.

ಗೋಣಿಕೊಪ್ಪದ ಅಣ್ಣ
ಆಹಾ, ನೋಡಿದಿರಾ!

ಪ್ರಾಂಪ್ಟರ್ ಪುಟ್ಟ
ಹಾಗಾದರೆ ನನ್ನ ಪಾತ್ರ ಹೋಯಿತು. ಕೈ ಎಲ್ಲಿಡಬೇಕು ಅನ್ನುವ ಚಿಂತೆಯೂ ಹೋಯಿತು. ಎಂಟನೇ ದೃಶ್ಯಕ್ಕೆ ಮಾತ್ರ ಇದ್ದೇನೆ. 44 ಸೈಜಿನ ಕಪ್ಪು ಕುಪ್ಯ ಯಾರ ಹತ್ತಿರ ಇದೆ?

ಸೋಮವಾರಪೇಟೆಯವಳು
ನಮ್ಮ ಮಾವನದ್ದಿದೆ, 42. ಊಟ ಕಡಿಮೆ ಮಾಡಿ.